ಉಗುರಿನ ಬಣ್ಣಕ್ಕೆ ನಿಯಮ ಇದೆ, ಪಾರ್ಲರ್‌ ಒಳಗಿನ ಗಾಳಿಗೆ ಹೊಣೆ ಯಾರು?

ಮುಂಬೈ: ಚರ್ಚ್‌ಗೇಟ್‌ನಿಂದ ವಿರಾರ್‌ವರೆಗೆ ಯಾವ ಸ್ಟೇಷನ್‌ನಲ್ಲಿ ಇಳಿದರೂ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಬ್ಯೂಟಿ ಪಾರ್ಲರ್ ಸಿಗುತ್ತದೆ. ಉಗುರಿಗೆಂದೇ ಮೀಸಲಾದ ನೇಲ್ ಸ್ಟುಡಿಯೊಗಳು ಬಾಂದ್ರಾ, ಅಂಧೇರಿಗಳನ್ನು ದಾಟಿ ಬೊರಿವಲಿ, ಠಾಣೆ, ಡೊಂಬಿವಲಿಗಳಿಗೂ ಬಂದಿವೆ. ಅಷ್ಟು ದುಡ್ಡು ಖರ್ಚು ಮಾಡಲಾಗದವರಿಗೆ ಲೋಕಲ್ ರೈಲಿನ ಮಹಿಳಾ ಬೋಗಿಯಲ್ಲೇ ಕ್ಲಿಪ್ಪು, ಬಿಂದಿ ಜತೆ ನೇಲ್ ಪಾಲಿಷ್ ಕೂಡ ಕೈಗೆ ಸಿಗುತ್ತದೆ. ಹಬ್ಬಕ್ಕೋ ಮದುವೆಗೋ ಎಂದಿದ್ದ ಉಗುರಿನ ಬಣ್ಣ ಈಗ ಕಚೇರಿಗೆ ಹೋಗುವ ಹೆಣ್ಣುಮಕ್ಕಳ ನಿತ್ಯದ ಅಲಂಕಾರ.

ಹೀಗಿರುವಾಗ ಯುರೋಪಿನಿಂದ ಬಂದ ಒಂದು ಸುದ್ದಿ ಈ ವಹಿವಾಟಿನತ್ತ ಮತ್ತೆ ಕಣ್ಣು ಹಾಯಿಸುವಂತೆ ಮಾಡಿದೆ. ಜೆಲ್ ನೇಲ್ ಪಾಲಿಷ್‌ನಲ್ಲಿ ಬಳಸುವ ಟಿಪಿಒ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಸಂತಾನೋತ್ಪತ್ತಿಗೆ ಹಾನಿ ಮಾಡಬಹುದಾದ ವಸ್ತು ಎಂಬ ವರ್ಗೀಕರಣವೇ ಇದಕ್ಕೆ ಕಾರಣ. ಹೊಸದಾಗಿ ಮಾರುವುದಷ್ಟೇ ಅಲ್ಲ, ಸಲೂನ್‌ಗಳು ಹಳೆಯ ದಾಸ್ತಾನನ್ನು ಗ್ರಾಹಕರ ಉಗುರಿಗೆ ಹಚ್ಚುವುದಕ್ಕೂ ಅಲ್ಲಿ ಅವಕಾಶವಿಲ್ಲ. ಈ ನಿಷೇಧ ಭಾರತಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಮಾರಲಾಗದ ಸರಕು ಮುಂದೆ ಯಾವ ದೇಶದ ಮಾರುಕಟ್ಟೆಗೆ ಹೋಗುತ್ತದೆ ಎಂಬ ಪ್ರಶ್ನೆಯಂತೂ ಉಳಿದೇ ಇದೆ.

ಹಾಗಾದರೆ ಉಗುರಿಗೆ ಬಣ್ಣ ಹಚ್ಚುವುದನ್ನೇ ಬಿಡಬೇಕೆ? ಅಷ್ಟು ಹೆದರುವ ಅಗತ್ಯವಿಲ್ಲ. ಆದರೆ ಈ ಅಪಾಯ ಎಲ್ಲರಿಗೂ ಒಂದೇ ಪ್ರಮಾಣದಲ್ಲಿಲ್ಲ. ತಿಂಗಳಿಗೊಮ್ಮೆ ಕೈ ಚಾಚುವ ಗ್ರಾಹಕಿಗಿಂತ, ದಿನವಿಡೀ ಆ ಕೈ ಹಿಡಿದು ಕೂರುವ ಹುಡುಗಿಗೆ ಅದು ಹಲವು ಪಟ್ಟು ಹೆಚ್ಚು. ನಮ್ಮ ನಿಯಮಗಳು ಕಣ್ಣು ಹಾಯಿಸದೇ ಇರುವುದೂ ಅಲ್ಲಿಗೇ.

ಪುಟ್ಟ ಬಾಟಲಿಯಲ್ಲಿ ಏನೇನಿದೆ?

ಸಾಮಾನ್ಯ ನೇಲ್ ಪಾಲಿಷ್ ಮೂಲತಃ ಒಂದು ಬಗೆಯ ಪೇಂಟ್. ಉಗುರಿನ ಮೇಲೆ ಪದರ ಕಟ್ಟಲು ನೈಟ್ರೊಸೆಲ್ಯುಲೋಸ್, ಅದನ್ನು ದ್ರವವಾಗಿಡಲು ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಂಥ ದ್ರಾವಕಗಳು, ಪದರ ಬಿರುಕು ಬಿಡದಂತೆ ಬಾಗುವ ಗುಣ ಕೊಡುವ ಪ್ಲಾಸ್ಟಿಸೈಜರ್, ಹೊಳಪಿಗೆ ರಾಳ, ಜತೆಗೆ ಬಣ್ಣ. ಹಚ್ಚಿದ ಕೆಲ ನಿಮಿಷಗಳಲ್ಲಿ ದ್ರಾವಕ ಆವಿಯಾಗಿ ಗಾಳಿಗೆ ಸೇರುತ್ತದೆ. ಮೂಗಿಗೆ ಬಡಿಯುವ ಆ ವಾಸನೆ ಅದರದ್ದೇ.

ಈ ಪಟ್ಟಿಯಲ್ಲಿ ಮೂರು ರಾಸಾಯನಿಕಗಳಿಗೆ ಹಿಂದಿನಿಂದಲೂ ಕೆಟ್ಟ ಹೆಸರಿದೆ. ಟೊಲುಯೀನ್ ಎಂಬ ದ್ರಾವಕದ ಆವಿ ಹೆಚ್ಚಾದರೆ ತಲೆನೋವು, ತಲೆಸುತ್ತು ಬರುತ್ತದೆ, ದೀರ್ಘಕಾಲದಲ್ಲಿ ನರಮಂಡಲಕ್ಕೆ ಪೆಟ್ಟು. ಉಗುರು ಗಟ್ಟಿಯಾಗಿಸುವ ಉತ್ಪನ್ನಗಳಲ್ಲಿ ಇರುತ್ತಿದ್ದ ಫಾರ್ಮಾಲ್ಡಿಹೈಡ್ ಅನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂರನೆಯದು ಡೈಬ್ಯೂಟೈಲ್ ಥ್ಯಾಲೇಟ್. ಹಾರ್ಮೋನ್ ವ್ಯವಸ್ಥೆಗೆ ಅಡ್ಡಿಪಡಿಸುವ, ಗರ್ಭದಲ್ಲಿರುವ ಮಗುವಿನ ಬೆಳವಣಿಗೆಗೆ ಹಾನಿ ಮಾಡಬಹುದಾದ ಈ ವಸ್ತುವನ್ನು ಐರೋಪ್ಯ ಒಕ್ಕೂಟ 2004ರಲ್ಲೇ ಸೌಂದರ್ಯವರ್ಧಕಗಳಿಂದ ಹೊರಗಿಡಲು ನಿರ್ಧರಿಸಿತ್ತು.

ದೊಡ್ಡ ಕಂಪನಿಗಳು ಆಮೇಲೆ ಈ ಮೂರನ್ನೂ ಒಂದೊಂದಾಗಿ ಕೈಬಿಡತೊಡಗಿದವು. ಆದರೆ ಒಂದನ್ನು ಬಿಟ್ಟರೆ ಅದರ ಜಾಗಕ್ಕೆ ಇನ್ನೊಂದು ಬರಲೇಬೇಕು. ಹಾಗೆ ಬಂದದ್ದು ಟ್ರೈಫಿನೈಲ್ ಫಾಸ್ಫೇಟ್. ಪ್ಲಾಸ್ಟಿಕ್ ಸಾಮಾನು, ಫೋಮ್‌ಗಳಿಗೆ ಬೇಗ ಬೆಂಕಿ ಹತ್ತದಿರಲಿ ಎಂದು ಬಳಸುವ ವಸ್ತು ಇದು. 2015ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಮತ್ತು ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ 26 ಮಹಿಳೆಯರ ಮೇಲೆ ನಡೆಸಿದ ಅಧ್ಯಯನದಲ್ಲಿ, ಪಾಲಿಷ್ ಹಚ್ಚಿದ 10ರಿಂದ 14 ಗಂಟೆಗಳ ನಂತರ ಇದರ ಗುರುತು ಮೂತ್ರದಲ್ಲಿ ಸುಮಾರು 7 ಪಟ್ಟು ಹೆಚ್ಚಿತ್ತು. ಕೈಗವಸು ತೊಟ್ಟು ಕೃತಕ ಉಗುರಿಗೆ ಹಚ್ಚಿದಾಗ ಈ ಏರಿಕೆ ಕಾಣಲಿಲ್ಲ. ಅಂದರೆ ಅದು ದೇಹ ಸೇರುವುದು ಮುಖ್ಯವಾಗಿ ಉಗುರು ಮತ್ತು ಅದರ ಸುತ್ತಲಿನ ಚರ್ಮದ ಮೂಲಕ. ಅಧ್ಯಯನ ಚಿಕ್ಕದು, ಇದರಿಂದ ಇಂಥ ಕಾಯಿಲೆಯೇ ಬರುತ್ತದೆ ಎಂದು ಅದು ಹೇಳಿಲ್ಲ. ಆದರೆ ಉಗುರು ಗಟ್ಟಿ, ಅದರಾಚೆ ಏನೂ ಇಳಿಯುವುದಿಲ್ಲ ಎಂಬ ನಂಬಿಕೆಯನ್ನು ಅದು ಅಲುಗಾಡಿಸಿದೆ.

ಜೆಲ್, ಅಕ್ರಿಲಿಕ್ ಬಂದ ಮೇಲೆ

ಈಗಿನ ಫ್ಯಾಷನ್ ಜೆಲ್ ಮತ್ತು ಅಕ್ರಿಲಿಕ್ ಉಗುರಿನದ್ದು. ಇಲ್ಲಿ ಲೆಕ್ಕಾಚಾರವೇ ಬೇರೆ. ಜೆಲ್ ಗಾಳಿಗೆ ಒಣಗುವುದಿಲ್ಲ. ಅದನ್ನು ನೇರಳಾತೀತ ಕಿರಣ ಸೂಸುವ ಪುಟ್ಟ ದೀಪದಡಿ ಇಟ್ಟು ಗಟ್ಟಿ ಮಾಡಬೇಕು. ಆ ಕೆಲಸಕ್ಕೆ ಚಾಲನೆ ಕೊಡುವ ವಸ್ತುಗಳಲ್ಲಿ ಒಂದು ಈಗ ಯುರೋಪಿನಲ್ಲಿ ನಿಷೇಧಕ್ಕೆ ಒಳಗಾದ ಟಿಪಿಒ.

ಜೆಲ್‌ನಲ್ಲಿರುವ ಮೆಥಾಕ್ರಿಲೇಟ್‌ಗಳು, ಅದರಲ್ಲೂ ಹೆಮಾ ಎಂಬ ವಸ್ತು, ಅಲರ್ಜಿಗೆ ಹೆಸರುವಾಸಿ. ಗಟ್ಟಿಯಾದ ಮೇಲೆ ತೊಂದರೆ ಕಡಿಮೆ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದಾಗಲೇ ಸಮಸ್ಯೆ. ಉಗುರಿನ ಸುತ್ತ ತುರಿಕೆ, ಬೆರಳ ತುದಿ ಒಡೆಯುವುದು, ಉಗುರು ತಳದಿಂದ ಎದ್ದು ಬರುವುದು ಇದರ ಲಕ್ಷಣ. ಬೆರಳು ಆಗಾಗ ಮುಖಕ್ಕೆ ತಾಗುವುದರಿಂದ ಕಣ್ಣಿನ ರೆಪ್ಪೆ, ಕುತ್ತಿಗೆಯಲ್ಲೂ ದದ್ದು ಏಳುತ್ತದೆ. ರೆಪ್ಪೆ ಊದಿಕೊಂಡರೆ ಕಾಡಿಗೆಯ ಮೇಲೆ ಅನುಮಾನ ಪಡುವವರೇ ಹೆಚ್ಚು, ಉಗುರಿನತ್ತ ಯಾರ ಗಮನವೂ ಹೋಗುವುದಿಲ್ಲ.

ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಅಲ್ಲಿ ಅಲರ್ಜಿ ಪರೀಕ್ಷೆಗೆ ಒಳಗಾದವರಲ್ಲಿ 2.4% ಮಂದಿಗೆ ಕನಿಷ್ಠ ಒಂದು ಬಗೆಯ ಮೆಥಾಕ್ರಿಲೇಟ್ ಆಗುತ್ತಿರಲಿಲ್ಲ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಲ್ಲಿಗೆ ತುಂಬುವ ಸಿಮೆಂಟ್, ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಅಂಟು ಇದೇ ಕುಟುಂಬಕ್ಕೆ ಸೇರಿದ ವಸ್ತುಗಳು. 20ನೇ ವಯಸ್ಸಿನಲ್ಲಿ ಉಗುರಿನಿಂದ ಅಂಟಿದ ಅಲರ್ಜಿ 60ನೇ ವಯಸ್ಸಿನಲ್ಲಿ ಮಂಡಿ ಚಿಕಿತ್ಸೆಯ ವೇಳೆ ತೊಡಕಾಗಬಹುದು. ಇದೇ ಕಾರಣಕ್ಕೆ ಐರೋಪ್ಯ ಒಕ್ಕೂಟ ಹೆಮಾ ಇರುವ ಉಗುರಿನ ಉತ್ಪನ್ನಗಳನ್ನು 2021ರಿಂದ ವೃತ್ತಿಪರರ ಬಳಕೆಗಷ್ಟೇ ಸೀಮಿತಗೊಳಿಸಿದೆ. ಇತ್ತ ನಮ್ಮಲ್ಲಿ ದೀಪ ಸಮೇತ ಜೆಲ್ ಕಿಟ್ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ.

ಆ ದೀಪದ ಬಗ್ಗೆಯೂ ಒಂದು ಮಾತು. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯೋಗಾಲಯದ ತಟ್ಟೆಯಲ್ಲಿದ್ದ ಜೀವಕೋಶಗಳನ್ನು 20 ನಿಮಿಷ ಇಂಥ ದೀಪದಡಿ ಇಟ್ಟಾಗ 20ರಿಂದ 30% ಕೋಶಗಳು ಸತ್ತವು, ಉಳಿದವುಗಳ ಡಿಎನ್‌ಎಗೂ ಹಾನಿಯಾಯಿತು. ತಟ್ಟೆಯ ಕೋಶಕ್ಕೂ ಜೀವಂತ ಕೈಗೂ ವ್ಯತ್ಯಾಸವಿದೆ, ಪಾರ್ಲರ್‌ನಲ್ಲಿ ಕೈ ಇಡುವ ಸಮಯವೂ ಕಡಿಮೆ. ಹಾಗಾಗಿ ‘ಜೆಲ್ ಪಾಲಿಷ್‌ನಿಂದ ಕ್ಯಾನ್ಸರ್ ಗ್ಯಾರಂಟಿ’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳಿಗೆ ಇದು ಆಧಾರವಲ್ಲ. ಕೈಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವುದು ಅಥವಾ ಬೆರಳ ತುದಿ ಕತ್ತರಿಸಿದ ಗವಸು ತೊಡುವುದು ಒಳ್ಳೆಯದು ಎನ್ನುವುದಕ್ಕೆ ಮಾತ್ರ ಧಾರಾಳವಾಗಿ ಆಧಾರ.

ಗ್ರಾಹಕಿಗೆ 17 ಗಂಟೆ, ಕೆಲಸದಾಕೆಗೆ 2,700 ಗಂಟೆ

ಒಂದು ಸರಳ ಲೆಕ್ಕ ಹಾಕಿ ನೋಡಿ. ಮೂರು ವಾರಕ್ಕೊಮ್ಮೆ ಒಂದು ಗಂಟೆ ಪಾರ್ಲರ್‌ನಲ್ಲಿ ಕೂರುವ ಗ್ರಾಹಕಿ ವರ್ಷಕ್ಕೆ ಸುಮಾರು 17 ಗಂಟೆ ಆ ಗಾಳಿ ಉಸಿರಾಡುತ್ತಾಳೆ. ದಿನಕ್ಕೆ 9 ಗಂಟೆಯಂತೆ ವರ್ಷಕ್ಕೆ 300 ದಿನ ಅಲ್ಲೇ ದುಡಿಯುವವಳು ಉಸಿರಾಡುವುದು 2,700 ಗಂಟೆ. ಸುಮಾರು 160 ಪಟ್ಟು ಹೆಚ್ಚು. ಇದಕ್ಕೆ ಉಗುರು ಉಜ್ಜುವಾಗ ಏಳುವ ಪುಡಿ, ಬಣ್ಣ ತೆಗೆಯುವ ಅಸಿಟೋನ್, ಕೃತಕ ಉಗುರು ಅಂಟಿಸುವ ಗೋಂದಿನ ಆವಿಯನ್ನೂ ಸೇರಿಸಬೇಕು. ಗ್ರಾಹಕಿಯ ಕೈ ಮೇಲೆ ಬಗ್ಗಿ ಕೆಲಸ ಮಾಡುವಾಗ ಮೂಗಿಗೂ ಬಾಟಲಿಗೂ ಒಂದು ಗೇಣು ಅಂತರವೂ ಇರುವುದಿಲ್ಲ.

ಮುಂಬೈನಲ್ಲಿ ಈ ಕೆಲಸ ಮಾಡುವವರಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಯುವತಿಯರಿದ್ದಾರೆ, ಉಪನಗರಗಳ ಸಾಮಾನ್ಯ ಕುಟುಂಬಗಳ ಹೆಣ್ಣುಮಕ್ಕಳಿದ್ದಾರೆ. ಹಲವರದ್ದು ಮದುವೆ, ಬಸಿರು, ಬಾಣಂತನದ ವಯಸ್ಸು. ಸಂತಾನೋತ್ಪತ್ತಿಗೆ ಹಾನಿ ಎಂಬ ಎಚ್ಚರಿಕೆ ನೇರವಾಗಿ ತಟ್ಟುವುದು ಇವರಿಗೇ.

ಮುಂಬೈನ ಜಾಗದ ಅಭಾವ ಇದನ್ನು ಇನ್ನಷ್ಟು ಬಿಗಡಾಯಿಸುತ್ತದೆ. ಹಳೆಯ ಕಟ್ಟಡದ ನೆಲಮಹಡಿಯ ಸಣ್ಣ ಮಳಿಗೆ, ಎದುರಿಗೆ ಗಾಜಿನ ಬಾಗಿಲು, ಕಿಟಕಿ ಇಲ್ಲ, ಮೇಲೊಂದು ಎಸಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ, ಹೊರಗಿನ ತಾಜಾ ಗಾಳಿ ತರುವುದಿಲ್ಲ. ಸೆಕೆಗೆ, ಮಳೆಗೆ ಬಾಗಿಲು ಮುಚ್ಚಿಯೇ ಇಡಬೇಕು. ಆವಿ ಹೋಗುವುದಾದರೂ ಎಲ್ಲಿಗೆ?

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಆರು ನೇಲ್ ಸಲೂನ್‌ಗಳ ಗಾಳಿ ಪರೀಕ್ಷಿಸಿ 2019ರಲ್ಲಿ ವರದಿ ಪ್ರಕಟಿಸಿದ್ದರು. ಆವಿಯಾಗುವ ರಾಸಾಯನಿಕಗಳ ಮಟ್ಟವನ್ನು ಅವರು ಹೋಲಿಸಿದ್ದು ತೈಲ ಸಂಸ್ಕರಣಾಗಾರ ಮತ್ತು ವಾಹನ ರಿಪೇರಿ ಗ್ಯಾರೇಜ್‌ಗೆ. ಮುಂಬೈಗೆ ಈ ಹೋಲಿಕೆ ಬೇಗ ಅರ್ಥವಾಗಬೇಕು. ಚೆಂಬೂರು ಬಳಿಯ ಮಾಹುಲ್‌ನಲ್ಲಿ ಸಂಸ್ಕರಣಾಗಾರ ಮತ್ತು ರಾಸಾಯನಿಕ ಸಂಗ್ರಹಾಗಾರಗಳಿಂದ ಬರುವ ಇಂಥದ್ದೇ ಆವಿಗಳ ವಿರುದ್ಧ ನಿವಾಸಿಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೆ ಹೋಗಿ ಹೋರಾಡಿದ್ದಾರೆ. ಮಾಹುಲ್ ಗಾಳಿಯನ್ನು ಅಳೆಯಲು ಯಂತ್ರ ಬಂತು, ವರದಿ ಬಂತು, ಆದೇಶ ಬಂತು. ಪಾರ್ಲರ್ ಒಳಗಿನ ಗಾಳಿಗೆ ಅಂಥ ಲೆಕ್ಕ ಕೇಳುವವರಿಲ್ಲ.

60 ಮಿಲಿಲೀಟರ್‌ನ ವಿನಾಯಿತಿ

ಭಾರತದಲ್ಲಿ ನಿಯಮವೇ ಇಲ್ಲ ಎಂದೇನಲ್ಲ. ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ 2020ರ ಡಿಸೆಂಬರ್‌ನಲ್ಲಿ ಬಂದ ಪ್ರತ್ಯೇಕ ನಿಯಮಾವಳಿಯ ವ್ಯಾಪ್ತಿಗೆ ಬರುತ್ತವೆ. ನೇಲ್ ಪಾಲಿಷ್‌ಗೆ ಭಾರತೀಯ ಮಾನಕ ಬ್ಯೂರೊದ ಪ್ರತ್ಯೇಕ ಮಾನದಂಡವಿದೆ. ಬಳಸುವ ಬಣ್ಣದಲ್ಲಿ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ಮೀರುವಂತಿಲ್ಲ. ವಿದೇಶಿ ಉತ್ಪನ್ನ ತರಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ನೋಂದಣಿ ಬೇಕು. ಇಲ್ಲೇ ತಯಾರಿಸಲು ರಾಜ್ಯದ ಪರವಾನಗಿ ಬೇಕು. ಮಹಾರಾಷ್ಟ್ರದಲ್ಲಿ ಇದರ ಹೊಣೆ ಆಹಾರ ಮತ್ತು ಔಷಧ ಆಡಳಿತದ್ದು. ಅದರ ಕೇಂದ್ರ ಕಚೇರಿ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲೇ. ಟಾಟಾ ಆಯಿಲ್ ಮಿಲ್ಸ್ 1952ರಲ್ಲಿ ಲ್ಯಾಕ್ಮೆ ಶುರು ಮಾಡಿದ ದಿನಗಳಿಂದಲೂ ಮುಂಬೈ ಈ ಉದ್ಯಮದ ರಾಜಧಾನಿ.

ಆದರೆ ಇದೇ ನಿಯಮದಲ್ಲಿ ಒಂದು ಕಿಂಡಿ ಇದೆ. ಉತ್ಪನ್ನದಲ್ಲಿ ಏನೇನಿದೆ ಎಂಬ ಪಟ್ಟಿ ಲೇಬಲ್ ಮೇಲೆ ಇರಬೇಕು, ಆದರೆ 60 ಮಿಲಿಲೀಟರ್‌ಗಿಂತ ಕಡಿಮೆ ಇರುವ ದ್ರವ ಉತ್ಪನ್ನಗಳಿಗೆ ಅದು ಕಡ್ಡಾಯವಲ್ಲ. ನೇಲ್ ಪಾಲಿಷ್ ಬಾಟಲಿ ಸಾಮಾನ್ಯವಾಗಿ 5ರಿಂದ 15 ಮಿಲಿಲೀಟರ್‌ನದ್ದು. ಅಂದರೆ ಪಟ್ಟಿಯ ಅಗತ್ಯ ತುಂಬಾ ಇರುವ ವಸ್ತುವೇ ಅದರಿಂದ ತಪ್ಪಿಸಿಕೊಳ್ಳುತ್ತದೆ. ಅಪಾಯ ಇದ್ದರೆ ಎಚ್ಚರಿಕೆಯನ್ನೂ ಅಪಾಯಕಾರಿ ವಸ್ತುವಿನ ಹೆಸರು, ಪ್ರಮಾಣವನ್ನೂ ನಮೂದಿಸಬೇಕು ಎಂಬ ನಿಯಮವೇನೋ ಇದೆ. ಒಳ್ಳೆಯ ಬ್ರ್ಯಾಂಡ್‌ಗಳು ಹೊರಗಿನ ಡಬ್ಬಿಯ ಮೇಲೆ ಪೂರ್ತಿ ಪಟ್ಟಿ ಕೊಡುತ್ತವೆ ಕೂಡ. ಡಬ್ಬಿಯೇ ಇಲ್ಲದೆ ಫುಟ್‌ಪಾತ್‌ನಲ್ಲಿ, ರೈಲಿನಲ್ಲಿ ಮಾರಾಟವಾಗುವ ಬಾಟಲಿಯ ಕಥೆ ಬೇರೆ.

ಲೇಬಲ್ ಇದ್ದ ಮಾತ್ರಕ್ಕೆ ಪೂರ್ತಿ ನಂಬುವಂತೆಯೂ ಇಲ್ಲ. ‘ಟಾಕ್ಸಿನ್ ಫ್ರೀ’, ‘5 ಫ್ರೀ’, ‘10 ಫ್ರೀ’ ಎಂಬ ಬರಹಗಳು ಈಗ ಸಾಮಾನ್ಯ. ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೊಂದು 2012ರಲ್ಲಿ ಸಲೂನ್‌ಗಳಿಗೆ ಪೂರೈಕೆಯಾಗುವ 25 ಉತ್ಪನ್ನಗಳನ್ನು ಪರೀಕ್ಷಿಸಿತ್ತು. ಟೊಲುಯೀನ್ ಇಲ್ಲ ಎಂದು ಹೇಳಿಕೊಂಡಿದ್ದ 12ರ ಪೈಕಿ 10ರಲ್ಲಿ ಅದು ಇತ್ತು. ಕಟ್ಟುನಿಟ್ಟಿಗೆ ಹೆಸರಾದ ಕ್ಯಾಲಿಫೋರ್ನಿಯಾದಲ್ಲೇ ಹೀಗಾದರೆ ಸಗಟು ಮಾರುಕಟ್ಟೆಯ ಅನಾಮಧೇಯ ಬಾಟಲಿಗಳ ಬಗ್ಗೆ ಹೇಳುವುದೇನು?

10 ಮಂದಿ ಇದ್ದರೆ ಮಾತ್ರ ಕಾನೂನು

ಬಾಟಲಿಯ ವಿಷಯ ಹೀಗಾದರೆ ಕೋಣೆಯ ವಿಷಯ ಇನ್ನೂ ಸಡಿಲ. 1948ರ ಕಾರ್ಖಾನೆ ಕಾಯ್ದೆ ಟೊಲುಯೀನ್, ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕಗಳು ಕೆಲಸದ ಜಾಗದ ಗಾಳಿಯಲ್ಲಿ ಎಷ್ಟಿರಬಹುದು ಎಂದು ಮಿತಿ ಹಾಕಿತ್ತು. ಆದರೆ ಅದು ಕಾರ್ಖಾನೆಗೆ. ಅಂಬರ್‌ನಾಥ್‌ನ ಪೇಂಟ್ ಘಟಕದ ಕಾರ್ಮಿಕನಿಗೆ ಸಿಕ್ಕ ರಕ್ಷಣೆ ಅದೇ ಆವಿಯನ್ನು ಅಂಧೇರಿಯ ಪಾರ್ಲರ್‌ನಲ್ಲಿ ಉಸಿರಾಡುವ ಹುಡುಗಿಗೆ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆ ಕಾರ್ಖಾನೆಯಾಚೆಗೂ ಕೈ ಚಾಚುತ್ತದೆ ನಿಜ, ಆದರೆ ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ.

ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಕಥೆಯೂ ಇದೇ. 2017ರ ಈ ಕಾಯ್ದೆ ಸ್ವಚ್ಛತೆ, ಬೆಳಕು, ಗಾಳಿಯ ವ್ಯವಸ್ಥೆ ಮಾಲೀಕನ ಹೊಣೆ ಎನ್ನುತ್ತದೆ. ಆದರೆ 10ಕ್ಕಿಂತ ಕಡಿಮೆ ಮಂದಿ ದುಡಿಯುವ ಅಂಗಡಿ ಸರ್ಕಾರಕ್ಕೆ ತನ್ನ ಬಗ್ಗೆ ಮಾಹಿತಿ ಕೊಟ್ಟರೆ ಸಾಕು. ಇದಕ್ಕೂ ಮೊದಲಿದ್ದ 1948ರ ಕಾಯ್ದೆಯಲ್ಲಿ ಸಣ್ಣ ಅಂಗಡಿಗಳಿಗೆ ಇಂಥ ರಿಯಾಯಿತಿ ಇರಲಿಲ್ಲ. ಸಾಲದ್ದಕ್ಕೆ ಈ ಮಿತಿಯನ್ನು 10ರಿಂದ 20ಕ್ಕೆ ಏರಿಸಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಸಣ್ಣ ವ್ಯಾಪಾರಿಗೆ ಕಾಗದಪತ್ರದ ಕಿರಿಕಿರಿ ತಪ್ಪಲಿ ಎಂಬ ಉದ್ದೇಶ ಒಪ್ಪುವಂಥದ್ದೇ. ಆದರೆ ಬಡಾವಣೆಯ ಪಾರ್ಲರ್‌ನಲ್ಲಿ ಇರುವುದು ಮೂರೋ ನಾಲ್ಕೋ ಮಂದಿ. ಕಾಗದಪತ್ರದ ಜತೆ ಗಾಳಿ, ಬೆಳಕಿನ ಹೊಣೆಯೂ ಜಾರಿಹೋದರೆ ಅವರು ಕೇಳುವುದು ಯಾರನ್ನು?

ಬೇರೆ ಕಡೆ ದಾರಿ ಕಂಡುಕೊಂಡ ಉದಾಹರಣೆ ಇದೆ. 2015ರ ಮೇನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಲ್ಲಿನ ನೇಲ್ ಸಲೂನ್ ಕೆಲಸಗಾರ್ತಿಯರ ಸಂಬಳ ಮತ್ತು ಆರೋಗ್ಯದ ಸ್ಥಿತಿ ಬಯಲು ಮಾಡಿತು. ಆಗಿನ ಗವರ್ನರ್ ಆಂಡ್ರೂ ಕ್ಯುಮೊ ತುರ್ತು ಕ್ರಮಗಳನ್ನು ಘೋಷಿಸಿದರು. ಮರುವರ್ಷ ಸಲೂನ್‌ಗಳಿಗೆ ಗಾಳಿಯ ವ್ಯವಸ್ಥೆಯ ಪ್ರತ್ಯೇಕ ನಿಯಮ ಬಂತು. ಅಲ್ಲಿನವೂ ಸಣ್ಣ ಅಂಗಡಿಗಳೇ. ಹೊಸದಾಗಿ ತೆರೆಯುವವರಿಗೆ ಕೂಡಲೇ, ಹಳಬರಿಗೆ ಕಾಲಾವಕಾಶ ಎಂಬ ಸೂತ್ರ ಅನುಸರಿಸಲಾಯಿತು.

ಕ್ರೀಮ್ ಪ್ರಕರಣದ ಪಾಠ

ಸೌಂದರ್ಯವರ್ಧಕದ ಹಾನಿ ನಮ್ಮಲ್ಲಿ ಬೆಳಕಿಗೆ ಬರುವ ಬಗೆ ಹೇಗಿದೆ ಎಂಬುದಕ್ಕೆ ಮುಂಬೈನಲ್ಲೇ ಒಂದು ಉದಾಹರಣೆ ಸಿಗುತ್ತದೆ. ಮಹಾರಾಷ್ಟ್ರದ ಅಕೋಲಾದಲ್ಲಿ ಒಂದೇ ಕುಟುಂಬದ ಮೂವರು ಮಹಿಳೆಯರ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣ 2023ರ ಆರಂಭದಲ್ಲಿ ಸುದ್ದಿಯಾಯಿತು. ಮೂವರೂ ಹಚ್ಚುತ್ತಿದ್ದ ಬಿಳುಪಿನ ಕ್ರೀಮ್‌ನಲ್ಲಿ ಪಾದರಸ ಇರುವುದು ಪತ್ತೆಯಾದದ್ದು ಪರೇಲ್‌ನ ಕೆಇಎಂ ಆಸ್ಪತ್ರೆಯ ವೈದ್ಯರಿಂದ. ಇಂಥ ಉತ್ಪನ್ನದಲ್ಲಿ ಪಾದರಸ 1 ಪಿಪಿಎಂ ದಾಟಬಾರದು ಎಂಬ ನಿಯಮ ಆಗಲೂ ಇತ್ತು. ಆದರೂ ಅದು ಅಂಗಡಿಯ ತಪಾಸಣೆಯಲ್ಲಿ ಸಿಕ್ಕಿಬೀಳಲಿಲ್ಲ, ರೋಗಿಯ ದೇಹದಲ್ಲಿ ಸಿಕ್ಕಿಬಿತ್ತು.

ಉಗುರಿನ ವಿಷಯದಲ್ಲಿ ಅಷ್ಟೂ ಆಗುವುದಿಲ್ಲ. ಪಾದರಸ ರಕ್ತದಲ್ಲಿ ಪತ್ತೆಯಾಗುತ್ತದೆ. ವರ್ಷಗಟ್ಟಲೆ ಆವಿ ಉಸಿರಾಡಿ ಬಂದ ತಲೆನೋವು, ದಮ್ಮು, ಕೈಯ ಚರ್ಮ ಒಡೆಯುವುದು ಕೆಲಸದ ಕಾಯಿಲೆ ಎಂದು ಯಾವ ಕಡತಕ್ಕೂ ಸೇರುವುದಿಲ್ಲ. ಹುಡುಗಿ ಕೆಲಸ ಬಿಟ್ಟು ಊರಿಗೆ ಹೋದರೆ ಆಕೆಯ ಕಾಯಿಲೆಯೂ ಆಕೆಯ ಜತೆಗೇ ಹೋಗುತ್ತದೆ.

ಏನು ಮಾಡಬಹುದು?

ಗ್ರಾಹಕರಿಂದ ಶುರು ಮಾಡೋಣ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇಲ್ಲದ ಬಾಟಲಿ ಕೊಳ್ಳಬೇಡಿ. ವಿದೇಶಿ ಉತ್ಪನ್ನವಾದರೆ ಆಮದುದಾರರ ಹೆಸರು, ನೋಂದಣಿ ಸಂಖ್ಯೆ ನೋಡಿ. ಜೆಲ್ ಚರ್ಮಕ್ಕೆ ತಾಗದಂತೆ ಹಚ್ಚಲು ಹೇಳಿ. ಎರಡು ಬಾರಿಯ ನಡುವೆ ಉಗುರಿಗೆ ಬಿಡುವು ಕೊಡಿ. ಬಸುರಿಯರು ಕಟ್ಟಿದ ಗಾಳಿಯ ಪಾರ್ಲರ್‌ನಲ್ಲಿ ಹೆಚ್ಚು ಹೊತ್ತು ಕೂರದಿರುವುದು ಲೇಸು. ಮನೆಯಲ್ಲಾದರೆ ಕಿಟಕಿ ತೆರೆದಿಟ್ಟು, ಗ್ಯಾಸ್ ಒಲೆಯಿಂದ ದೂರ ಕುಳಿತು ಹಚ್ಚಿ. ಪಾಲಿಷ್ ಮತ್ತು ರಿಮೂವರ್ ಎರಡಕ್ಕೂ ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ. ಬೆರಳು ಚೀಪುವ ಮಕ್ಕಳಿಗೆ ಬಣ್ಣ ಬೇಡವೇ ಬೇಡ. ರೆಪ್ಪೆ, ಕುತ್ತಿಗೆ, ಬೆರಳಿನಲ್ಲಿ ತುರಿಕೆ ಬಂದರೆ ಚರ್ಮವೈದ್ಯರಿಗೆ ಉಗುರಿನ ವಿಷಯವನ್ನೂ ತಪ್ಪದೇ ಹೇಳಿ. ಕೆಇಎಂ, ಸಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಉತ್ಪನ್ನದ ಬಗ್ಗೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಪಾರ್ಲರ್ ಮಾಲೀಕರು ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ. ಹೊರಗೆ ಗಾಳಿ ತಳ್ಳುವ ಎಗ್ಸಾಸ್ಟ್ ಫ್ಯಾನ್, ಮುಚ್ಚಳ ಇರುವ ಕಸದ ಡಬ್ಬಿ, ನೈಟ್ರೈಲ್ ಗವಸು, ಬಾಟಲಿ ಬಳಸಿದ ಕೂಡಲೇ ಮುಚ್ಚುವ ಅಭ್ಯಾಸ. ಸಾಮಾನ್ಯ ಬಟ್ಟೆಯ ಮಾಸ್ಕ್ ಪುಡಿಯನ್ನು ಸ್ವಲ್ಪ ತಡೆದರೂ ಆವಿಯನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ.

ಉಳಿದದ್ದು ಸರ್ಕಾರದ ಕೆಲಸ. 60 ಮಿಲಿಲೀಟರ್‌ನ ವಿನಾಯಿತಿಯಿಂದ ಉಗುರಿನ ಉತ್ಪನ್ನಗಳನ್ನು ಹೊರಗಿಡಲು ನಿಯಮದಲ್ಲಿ ಒಂದು ಸಾಲಿನ ತಿದ್ದುಪಡಿ ಸಾಕು. ಜಾಗ ಸಾಲದಿದ್ದರೆ ಕ್ಯೂಆರ್ ಕೋಡ್ ಹಾಕಿಸಬಹುದು. ಟಿಪಿಒ ಬಗ್ಗೆ ಭಾರತದ ನಿಲುವೇನು ಎಂಬುದನ್ನು ಕೇಂದ್ರ ಸ್ಪಷ್ಟಪಡಿಸಬೇಕು. ಕೆಲಸಗಾರರ ಸಂಖ್ಯೆ ಎಷ್ಟೇ ಇರಲಿ, ರಾಸಾಯನಿಕ ಬಳಸುವ ಪಾರ್ಲರ್‌ಗೆ ಗಾಳಿಯ ವ್ಯವಸ್ಥೆ ಕಡ್ಡಾಯ ಎಂದು ರಾಜ್ಯ ಹೇಳಬಹುದು. ಅಂಗಡಿಯ ಗಾತ್ರ ನೋಡಿ ಹೊಣೆ ನಿಗದಿ ಮಾಡುವ ಬದಲು ಒಳಗೆ ಬಳಸುವ ವಸ್ತು ನೋಡಿ ನಿಗದಿ ಮಾಡಿದರೆ, ಮೂರು ಮಂದಿ ದುಡಿಯುವ ಪಾರ್ಲರ್ ಕೂಡ ಕಾನೂನಿನ ಲೆಕ್ಕಕ್ಕೆ ಬರುತ್ತದೆ.